ಮೈನರ್ ಕಾರಿನ ಡೈನಮೋ

ಮಾರಿಸ್ ಮೈನರ್ ಕಾರಿನಲ್ಲಿ ಆಂಪಿಯರ್ ಮೀಟರ್ ಇರುವುದಿಲ್ಲ. ಬ್ಯಾಟರಿಗೆ ಚಾರ್ಜ್ ಬೀಳುತ್ತಿದೆಯೋ ಇಲ್ಲವೋ ಎಂದು ತಿಳಿಸಲು ಸ್ಪೀಡೋಮೀಟರಿನ ಮುಖದಲ್ಲಿ ಒಂದು ಸಣ್ಣ ಕೆಂಪು ದೀಪ ಇರುತ್ತದೆ, ಅಷ್ಟೇ. ಕೀ ತಿರುಗಿಸಿದಾಗ ಅದು ಹತ್ತಬೇಕು, ಇಂಜಿನ್ ವೇಗ ಹಿಡಿದ ಮೇಲೆ ಆರಬೇಕು. ಆರದೆ ಮಿಣಮಿಣ ಎನ್ನುತ್ತಿದ್ದರೆ ಇನ್ನೆಷ್ಟು ದಾರಿ ಉಳಿದಿದೆ, ಬ್ಯಾಟರಿ ಎಷ್ಟು ಹೊತ್ತು ತಾಳೀತು ಎಂದು ಲೆಕ್ಕ ಹಾಕಬೇಕು. ನಮ್ಮ ಅಪ್ಪಯ್ಯ ತೀರ್ಥಹಳ್ಳಿಯಲ್ಲಿ ಡಾಕ್ಟರಾಗಿದ್ದಷ್ಟು ಕಾಲವೂ ಈ ಲೆಕ್ಕ ಹಾಕುತ್ತಲೇ ಕಾರು ಓಡಿಸಿದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ನಾನು ಅದೇ ಕಾರಿನ ಬ್ಯಾಟರಿ ತುಂಬುವ ಡೈನಮೋ ಇಳಿಸಿ, ಅದೇ ಕೆಲಸ ಮಾಡುವ ಆಲ್ಟರ್ನೇಟರ್ ಕೂರಿಸಿದೆ. ಹಳೆಯ ಕಾರುಗಳ ಮೇಲೆ ಪ್ರೀತಿಯಿರುವ ಕೆಲವು ಗೆಳೆಯರು ಇದನ್ನು ಇಂದಿಗೂ ಒಪ್ಪಿಲ್ಲ. ನಾನು ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ಯಾಕೆ ಎನ್ನುವುದಕ್ಕೆ ಆ ಕಾರು ಯಾವ ಕೆಲಸಕ್ಕೆ ದುಡಿದದ್ದು ಎಂಬುದನ್ನು ಮೊದಲು ಹೇಳಬೇಕು.

ಕಾರು 1958ರದ್ದು. ಮೈನರ್ 1000, 948 ಸಿಸಿ ಇಂಜಿನ್, 37 ಅಶ್ವಶಕ್ತಿ. ಮೈನರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದನ್ನು ಮೊದಲು ಜನರಿಗೆ ತೋರಿಸಿದರು. ಮುಂದೆ 1959ರಲ್ಲಿ ಬಂದ ಮಿನಿ ಕಾರೂ ಅವರದೇ. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಮೈನರನ್ನೇ ಕೆಲಕಾಲ ‘ಬೇಬಿ ಹಿಂದೂಸ್ತಾನ್’ ಎಂದು ಮಾರಿದ್ದುಂಟು. ನಮ್ಮದು ಇಂಗ್ಲೆಂಡಿನಿಂದ ಬಂದ ಕಾರು, ಕಾಫಿ ತೋಟದವರೊಬ್ಬರ ಕೈಯಿಂದ ಅಪ್ಪಯ್ಯನಿಗೆ ಸೇರಿದ್ದು. ತಿರುಗುವಾಗ ಬಾಗಿಲ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಚಾಚಿಕೊಳ್ಳುತ್ತಿತ್ತು, ಅದರೊಳಗೆ ದೀಪ. ಇಂಡಿಕೇಟರ್ ಅಂದರೆ ಅದೇ. ಸೆಲ್ಫ್ ಹೊಡೆಯಲು ಡ್ಯಾಶ್‌ಬೋರ್ಡಿನ ಗುಂಡಿಯನ್ನು ಎಳೆಯಬೇಕಿತ್ತು. ಬ್ಯಾಟರಿ ಸತ್ತಿದ್ದರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕು. ತೀರ್ಥಹಳ್ಳಿಯಲ್ಲಿ ಎಷ್ಟೋ ಜನ ನಮ್ಮ ಕಾರಿಗೆ ಹ್ಯಾಂಡಲ್ ಹೊಡೆದಿದ್ದಾರೆ. ಅವರಲ್ಲಿ ಹೆಚ್ಚಿನವರು ರೋಗಿಗಳ ಅಣ್ಣತಮ್ಮಂದಿರು.

ಹಗಲಿನ ಓಡಾಟಕ್ಕೆ ಕಾರು ಎಂದೂ ತಕರಾರು ಮಾಡಲಿಲ್ಲ. ತೊಂದರೆಯೆಲ್ಲ ಮಳೆಗಾಲದ ರಾತ್ರಿಗಳದು. ಕೋಣಂದೂರಿನ ಕಡೆಯಿಂದಲೋ ಆರಗದ ಕಡೆಯಿಂದಲೋ ಯಾರಾದರೂ ಕಂಬಳಿಕೊಪ್ಪೆ ಹಾಕಿಕೊಂಡು ಲಾಟೀನು ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದರು. ಹೆರಿಗೆ ಕಷ್ಟವಾಗಿದೆ, ಹಾವು ಕಚ್ಚಿದೆ, ಮಗುವಿಗೆ ಜ್ವರ ನೆತ್ತಿಗೇರಿದೆ. ಕೆಲವೊಮ್ಮೆ ರೋಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲದ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕಾಗುತ್ತಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆ ಮಳೆಯಲ್ಲಿ, ಆ ಮಂಜಿನಲ್ಲಿ, ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಹೆಡ್‌ಲೈಟು, ವೈಪರು ಎರಡನ್ನೂ ಒಂದು ಗಳಿಗೆಗೂ ನಿಲ್ಲಿಸುವ ಹಾಗಿಲ್ಲ.

ಈಗ ಡೈನಮೋದ ಲೆಕ್ಕ ನೋಡಿ. ಆ ಕಾರಿನ ಲ್ಯೂಕಾಸ್ ಸಿ39 ಡೈನಮೋ ಇಂಜಿನ್ ಚೆನ್ನಾಗಿ ತಿರುಗುವಾಗ ಕೊಡುವುದು ಹೆಚ್ಚೆಂದರೆ 19 ಆಂಪಿಯರ್. ಎರಡು 45 ವಾಟ್‌ನ ಹೆಡ್‌ಲೈಟಿಗೆ ಏಳೂವರೆ ಆಂಪಿಯರ್ ಹೋಗುತ್ತದೆ. ಪಾರ್ಕಿಂಗ್ ದೀಪ, ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ ಸೇರಿ ಸುಮಾರು ಎರಡು. ವೈಪರ್ ಮೋಟರಿಗೆ ಮೂರರ ಹತ್ತಿರ. ಇಗ್ನಿಷನ್ ಕಾಯಿಲಿಗೆ ಮೂರೂವರೆ, ವಿದ್ಯುತ್ತಿನ ಪೆಟ್ರೋಲ್ ಪಂಪಿಗೆ ಒಂದು. ಆಗಲೇ 17 ಆಯಿತು. ಬ್ರೇಕ್ ಒತ್ತಿದರೆ ಬ್ರೇಕ್ ದೀಪಗಳಿಗೆ ಇನ್ನೂ ಮೂರೂವರೆ. ಬ್ಯಾಟರಿ ತುಂಬಲು ಏನು ಉಳಿಯಿತು? ಅದೂ ಇಂಜಿನ್ ವೇಗವಾಗಿ ತಿರುಗುತ್ತಿದ್ದಾಗಿನ ಮಾತು. ಐಡಲ್‌ನಲ್ಲಿ ಡೈನಮೋದಿಂದ ಬ್ಯಾಟರಿಗೆ ಏನೇನೂ ಬರುವುದಿಲ್ಲ.

ಘಾಟಿ ಹತ್ತುವಾಗಲೇ ಕಷ್ಟ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಎರಡನೇ ಗೇರಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಇಂಜಿನ್ ಚುರುಕಾಗಿಯೇ ತಿರುಗುತ್ತದೆ, ಡೈನಮೋ ತನ್ನ ಕೈಲಾದದ್ದನ್ನು ಕೊಡುತ್ತದೆ. ಬ್ಯಾಟರಿ ಕರಗುತ್ತಿದ್ದದ್ದು ಲಾರಿಯ ಹಿಂದೆ ನಡಿಗೆಯ ವೇಗದಲ್ಲಿ ಹೋಗುವಾಗ, ಉರುಳಿದ ಮರವನ್ನು ಕಡಿಯುವವರೆಗೆ ದೀಪ ಹಾಕಿಕೊಂಡು ನಿಂತಾಗ, ತೋಟದ ಮನೆಯ ಅಂಗಳದಲ್ಲಿ ರೋಗಿಯನ್ನು ಹೊತ್ತು ತರುವವರಿಗೆ ಹೆಡ್‌ಲೈಟ್ ಬೆಳಕು ಹಿಡಿದಾಗ. ಬೆಳಕು ಮೊದಲು ಬಿಳಿಯಿಂದ ಹಳದಿಗೆ, ಆಮೇಲೆ ಕೆಂಪಿಗೆ ಇಳಿಯುತ್ತಿತ್ತು. ವೈಪರ್ ಗಾಜಿನ ನಡುವಿಗೆ ಬಂದು ಯೋಚಿಸುತ್ತ ನಿಲ್ಲುತ್ತಿತ್ತು. ಅಪ್ಪಯ್ಯ ಕ್ಲಚ್ ತುಳಿದು ಆಕ್ಸಿಲರೇಟರ್ ಒತ್ತಿ ಇಂಜಿನ್ ಏರಿಸುತ್ತಿದ್ದರು. ಆಗ ಬೆಳಕೂ ಏರುತ್ತಿತ್ತು. ಪಕ್ಕದಲ್ಲಿ ಕೂತಿರುತ್ತಿದ್ದ ನನಗೆ ಕಾರಿನ ವಿದ್ಯುತ್ತಿನ ಮೊದಲ ಪಾಠ ಸಿಕ್ಕಿದ್ದು ಅಲ್ಲಿ.

ಎರಡನೇ ಪಾಠ ತುಂಗಾ ಸೇತುವೆಗೆ ಹೋಗುವ ದಾರಿಯಲ್ಲಿದ್ದ ಸಾಬರ ಅಂಗಡಿಯಲ್ಲಿ. ಅದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಒಂದು ಬೆಂಚು, ಒಂದು ವೈಸು, ಗೋಡೆಗೆ ನೇತುಹಾಕಿದ ಫೀಲ್ಡ್ ಕಾಯಿಲ್‌ಗಳು, ಮೂಲೆಯಲ್ಲಿ ಚಾರ್ಜಿಗೆ ಇಟ್ಟ ಬ್ಯಾಟರಿಗಳು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ಡೈನಮೋ ಬಿಚ್ಚಿಸಿ ಕೊಡುತ್ತಿದ್ದರು. ಸಾಬರು ಒಳಗೆ ತಿರುಗುವ ಆರ್ಮೇಚರ್ ಹೊರಗೆ ತೆಗೆದು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ವಾರ್ನಿಷ್ ಸುಟ್ಟ ವಾಸನೆ ಬಂದರೆ ವೈಂಡಿಂಗ್ ಹೋಗುತ್ತಿದೆ ಎಂದರ್ಥ. ಆಮೇಲೆ ಕಮ್ಯುಟೇಟರ್ ನೋಡುವುದು. ಅದು ತಾಮ್ರದ ಸಣ್ಣ ಪಟ್ಟಿಗಳನ್ನು ಸುತ್ತಲೂ ಜೋಡಿಸಿದ ಉರುಳೆ, ಪಟ್ಟಿ ಪಟ್ಟಿಯ ನಡುವೆ ಅಭ್ರಕದ ತೆಳು ಗೆರೆ. ಉರುಳೆಗೆ ಒತ್ತಿಕೊಂಡಿರುವ ಕಾರ್ಬನ್ ತುಂಡು ಉಜ್ಜಿ ಉಜ್ಜಿ ತಾಮ್ರ ಸವೆಯುತ್ತದೆ, ಅಭ್ರಕ ಅಷ್ಟು ಬೇಗ ಸವೆಯುವುದಿಲ್ಲ. ಅದು ಮೇಲೆದ್ದಾಗ ಕಾರ್ಬನ್ ತಾಮ್ರಕ್ಕೆ ಸರಿಯಾಗಿ ಕೂರದೆ ಕಿಡಿ ಹಾರುತ್ತದೆ. ಸಾಬರು ಮುರಿದ ಗರಗಸದ ಬ್ಲೇಡಿನ ತುಂಡೊಂದನ್ನು ಸಾಣೆ ಹಿಡಿದು ಇಟ್ಟುಕೊಂಡಿದ್ದರು. ಅದರಿಂದ ಒಂದೊಂದೇ ಗೆರೆಯನ್ನು ಕೆರೆದು ತಗ್ಗಿಸಿ, ನಯವಾದ ಮರಳು ಕಾಗದ ಸುತ್ತಿ ಉರುಳೆಯನ್ನು ತಿರುಗಿಸಿ ಹೊಳಪು ಬರಿಸುತ್ತಿದ್ದರು. ಎಮರಿ ಕಾಗದವನ್ನು ಮುಟ್ಟುತ್ತಿರಲಿಲ್ಲ. ಅದರ ಪುಡಿ ಗೆರೆಯೊಳಗೆ ಕೂತರೆ ಶಾರ್ಟ್ ಆಗುತ್ತದೆ ಎನ್ನುತ್ತಿದ್ದರು.

“ಡಾಕ್ಟ್ರೇ, ಹಿಂದಿನ ಬುಶ್ಶಿಗೆ ಎರಡೇ ಹನಿ ಎಣ್ಣೆ ಬಿಡಿ. ಜಾಸ್ತಿ ಬಿಟ್ರೆ ಕಾರ್ಬನ್‌ಗೆ ಹೋಗ್ತದೆ, ಚಾರ್ಜ್ ನಿಲ್ತದೆ” ಎಂದು ಪ್ರತಿ ಸಲ ಹೇಳಿ ಕಳಿಸುತ್ತಿದ್ದರು. ಡೈನಮೋದ ಹಿಂಬದಿಯ ಮುಚ್ಚಳದಲ್ಲಿ ಅದಕ್ಕೆಂದೇ ಒಂದು ತೂತು ಇರುತ್ತದೆ. ಅಪ್ಪಯ್ಯ ಸಿರಿಂಜಿನಲ್ಲಿ ಇಂಜಿನ್ ಆಯಿಲ್ ತೆಗೆದುಕೊಂಡು ಎರಡು ಹನಿ ಬಿಡುತ್ತಿದ್ದರು.

ಡೈನಮೋಕ್ಕಿಂತ ಹೆಚ್ಚು ಗೋಳು ಹೊಯ್ದುಕೊಂಡದ್ದು ಕಟೌಟ್. ಇಂಜಿನ್ ಹಿಂದಿನ ತಗಡಿನ ಗೋಡೆಗೆ ಬಿಗಿದ ಕಪ್ಪು ಮುಚ್ಚಳದ ಪೆಟ್ಟಿಗೆ ಅದು. ಕೆಳಗಡೆ ಎ, ಎ1, ಎಫ್, ಡಿ, ಇ ಎಂದು ಐದು ಸ್ಕ್ರೂಗಳು, ಒಳಗೆ ಎರಡು ಸುರುಳಿಗಳು. ಒಂದು ಸುರುಳಿ ಡೈನಮೋದ ವೋಲ್ಟೇಜ್ ಮಿತಿ ಮೀರದಂತೆ ಕಾಯುತ್ತದೆ. ಇನ್ನೊಂದು, ಡೈನಮೋ ಬ್ಯಾಟರಿಗಿಂತ ಮೇಲೆ ಬಂದಾಗ, ಎಂದರೆ ಸುಮಾರು 13 ವೋಲ್ಟ್ ಮುಟ್ಟಿದಾಗ, ಎರಡನ್ನೂ ಜೋಡಿಸುತ್ತದೆ. ಡೈನಮೋ ಕೆಳಗಿಳಿದಾಗ ಕತ್ತರಿಸುತ್ತದೆ. ಕತ್ತರಿಸುವುದೇ ಮುಖ್ಯ, ಹೆಸರು ಬಂದದ್ದೂ ಅದರಿಂದಲೇ. ಕತ್ತರಿಸದಿದ್ದರೆ ಬ್ಯಾಟರಿಯ ಕರೆಂಟು ಡೈನಮೋದೊಳಗೆ ಹಿಂದಕ್ಕೆ ಹರಿಯುತ್ತದೆ.

ಒಂದು ರಾತ್ರಿ ಮೇಗರವಳ್ಳಿಯಲ್ಲಿ ಹಾಗೇ ಆಯಿತು. ಬಾಣಂತಿಯೊಬ್ಬರನ್ನು ನೋಡಿ ಹೊರಡಲೆಂದು ನಾವು ಹೊರಗೆ ಬಂದರೆ ಬಾನೆಟ್ ಸಂದಿಯಿಂದ ಹೊಗೆ ಏಳುತ್ತಿತ್ತು. ಕಾರು ಆಫ್ ಮಾಡಿ ಬಹಳ ಹೊತ್ತಾಗಿತ್ತು, ಆದರೂ ಸುಟ್ಟ ವಾಸನೆ. ಅಪ್ಪಯ್ಯ ಬಾನೆಟ್ ಎತ್ತಿದವರೇ, ಏನಾಗಿದೆ ಎಂದು ಹುಡುಕುವ ಗೋಜಿಗೆ ಹೋಗದೆ, ಪಂಚೆಯ ತುದಿಯನ್ನು ಕೈಗೆ ಸುತ್ತಿಕೊಂಡು ಬ್ಯಾಟರಿಯ ಕ್ಲಾಂಪ್ ಕಿತ್ತರು. ಕಟೌಟಿನ ಪಾಯಿಂಟುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಿಂತ ಡೈನಮೋದೊಳಗೆ ಬ್ಯಾಟರಿ ಪೂರ್ತಿ ಹರಿದು ಆರ್ಮೇಚರ್ ಬೆಂದಿತ್ತು. ಸಾಬರು ಮಾರನೆಯ ದಿನ ಅದನ್ನು ಬೆಂಚಿನ ಮೇಲಿಟ್ಟು ತಲೆಯಾಡಿಸಿದರು. ಹಳೆಯ ತಂತಿಯನ್ನೆಲ್ಲ ಬಿಚ್ಚಿ, ಸುತ್ತುಗಳನ್ನು ಎಣಿಸಿ ಬರೆದುಕೊಂಡು, ಹೊಸ ತಾಮ್ರದ ತಂತಿಯಲ್ಲಿ ಕೈಯಿಂದಲೇ ಮತ್ತೆ ಕಟ್ಟಿಕೊಟ್ಟರು. ಅಂಥ ಕೆಲಸ ಬಲ್ಲವರು ಈಗ ತೀರಾ ಕಡಿಮೆ. ಇದನ್ನು ನಾನು ವಿಷಾದದಿಂದಲೇ ಬರೆಯುತ್ತಿದ್ದೇನೆ.

ಇಷ್ಟೆಲ್ಲ ಹೇಳಿದ್ದು ಡೈನಮೋವನ್ನು ದೂರಲಿಕ್ಕಲ್ಲ. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಮೇಲೆ ಬ್ಯಾಟರಿಯನ್ನು ತುಂಬುವ ಯಂತ್ರ ಕಾರಿಗೆ ಬೇಕೇಬೇಕಾಯಿತು. ಅರ್ಧ ಶತಮಾನ ಲೋಕದ ಕಾರುಗಳನ್ನೆಲ್ಲ ನಡೆಸಿದ್ದು ಡೈನಮೋವೇ. ಅದರ ಮಿತಿ ಅದರ ರಚನೆಯಲ್ಲೇ ಇದೆ. ಡೈನಮೋದಲ್ಲಿ ಕರೆಂಟ್ ಹುಟ್ಟುವುದು ತಿರುಗುವ ಭಾಗದಲ್ಲಿ. ಹುಟ್ಟಿದ್ದೆಲ್ಲವೂ ಕಮ್ಯುಟೇಟರ್ ದಾಟಿ ಕಾರ್ಬನ್ ಮೂಲಕವೇ ಹೊರಗೆ ಬರಬೇಕು. ತೀರಾ ವೇಗವಾಗಿ ತಿರುಗಿಸಿದರೆ ಕಮ್ಯುಟೇಟರ್ ತಾಳದು, ಆದ್ದರಿಂದ ಪುಲ್ಲಿ ದೊಡ್ಡದಿಡಬೇಕು. ಪುಲ್ಲಿ ದೊಡ್ಡದಾದರೆ ಐಡಲ್‌ನಲ್ಲಿ ವೇಗ ಸಾಲದು. ಆಲ್ಟರ್ನೇಟರಿನಲ್ಲಿ ಇದು ತಿರುವುಮುರುವು. ತಿರುಗುವುದು ಆಯಸ್ಕಾಂತ, ಕರೆಂಟ್ ಹುಟ್ಟುವುದು ಸುತ್ತಲೂ ನಿಂತಿರುವ ಸುರುಳಿಗಳಲ್ಲಿ. ಕಾರ್ಬನ್ ದಾಟಬೇಕಾದದ್ದು ಆಯಸ್ಕಾಂತಕ್ಕೆ ಬೇಕಾದ ಎರಡು ಮೂರು ಆಂಪಿಯರ್ ಮಾತ್ರ, ಅದೂ ನುಣುಪಾದ ಬಳೆಗಳ ಮೇಲೆ. ಆದ್ದರಿಂದ ಪುಲ್ಲಿ ಚಿಕ್ಕದಿಟ್ಟು ಎಷ್ಟು ಬೇಕಾದರೂ ಬೀಸಾಗಿ ತಿರುಗಿಸಬಹುದು. ಐಡಲ್‌ನಲ್ಲೂ ಚಾರ್ಜ್ ಬೀಳುತ್ತದೆ. ಹುಟ್ಟುವ ಎಸಿ ಕರೆಂಟನ್ನು ಡಿಸಿ ಮಾಡಲು ಒಳ್ಳೆಯ ಡಯೋಡುಗಳು ಬೇಕಿತ್ತು. ಸಿಲಿಕಾನ್ ಡಯೋಡ್ ಅಗ್ಗವಾಗುವ ತನಕ ಕಾರಿನವರು ಕಾಯಬೇಕಾಯಿತು. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಇನ್ನೊಂದು ಅನುಕೂಲ ಕಟೌಟಿನದು. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ, ಬ್ಯಾಟರಿಯಿಂದ ಹಿಂದಕ್ಕೆ ಹರಿಯುವ ಪ್ರಶ್ನೆಯೇ ಇಲ್ಲ. ಮೇಗರವಳ್ಳಿಯ ರಾತ್ರಿ ಆಲ್ಟರ್ನೇಟರ್ ಇದ್ದಿದ್ದರೆ ಕಟೌಟ್ ಅಂಟಿಕೊಂಡು ಕಾರು ಹೊಗೆಯಾಡುವ ಪ್ರಮೇಯವೇ ಬರುತ್ತಿರಲಿಲ್ಲ.

ಅಪ್ಪಯ್ಯ ಕಾರು ಓಡಿಸುವುದನ್ನು ಬಿಟ್ಟ ಮೇಲೆ ಮೈನರ್ ಮನೆಯ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಬಹಳ ಕಾಲ ನಿಂತಿತ್ತು. 2012ರ ಬೇಸಿಗೆಯಲ್ಲಿ ನಾನು ಅದನ್ನು ಮತ್ತೆ ರಸ್ತೆಗಿಳಿಸಿದೆ. ಇಂಜಿನ್, ಬ್ರೇಕ್, ಟೈರುಗಳ ಕೆಲಸ ಇಲ್ಲಿ ಬೇಡ. ವಿದ್ಯುತ್ತಿನ ಕೆಲಸಕ್ಕೆ ಸಾಬರ ಅಂಗಡಿಗೇ ಹೋದೆ. ಅಂಗಡಿ ಈಗ ಮಗನದು, ಬೊಲೆರೋ ಟೆಂಪೋಗಳದೇ ಸಾಲು. ಸಾಬರಿಗೆ ಕಣ್ಣು ಮಂಜಾಗಿತ್ತು, ಕುರ್ಚಿಯಲ್ಲಿ ಕೂತು ಕಿವಿಯಿಂದಲೇ ಕೆಲಸ ಮಾಡಿಸುತ್ತಿದ್ದರು. ಆಲ್ಟರ್ನೇಟರ್ ಹಾಕಿಸುವ ವಿಚಾರ ಹೇಳಲು ನನಗೆ ಸಂಕೋಚವಿತ್ತು. ಆ ಡೈನಮೋವನ್ನು ಅವರೇ ಕಟ್ಟಿದವರಲ್ಲವೇ? ಅವರೇ ಕೇಳಿದರು:

“ರಾತ್ರಿ ಓಡಿಸ್ತೀರಾ ಸ್ವಾಮಿ?”

“ಓಡಿಸ್ಬೇಕು ಅಂತಲೇ ರೆಡಿ ಮಾಡಿಸ್ತಾ ಇರೋದು ಸಾಬ್ರೆ.”

“ಹಂಗಾದ್ರೆ ಆಲ್ಟರ್ನೇಟರ್ ಹಾಕಿ. ಸಿಕ್ಕಿದ್ರೆ ಡಾಕ್ಟ್ರು ಅವತ್ತೇ ಹಾಕ್ತಿದ್ರು, ಸಿಗ್ತಿರ್ಲಿಲ್ಲ ಅಷ್ಟೆ.”

ಇಂಗ್ಲೆಂಡಿನ ಹಳೆಯ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಅರ್ಥಿಂಗ್. ಮೈನರಿನಲ್ಲಿ ಬಾಡಿಗೆ ಜೋಡಿಸಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಈಗಿನ ಎಲ್ಲ ಕಾರುಗಳಲ್ಲೂ ನೆಗೆಟಿವ್ ತುದಿ. ಈಗ ಸಿಗುವ ಆಲ್ಟರ್ನೇಟರನ್ನು ಪಾಸಿಟಿವ್ ಅರ್ಥಿನ ಕಾರಿಗೆ ಹಾಗೇ ಜೋಡಿಸಿದರೆ ಡಯೋಡುಗಳು ಅದೇ ಕ್ಷಣ ಸುಡುತ್ತವೆ. ಆದ್ದರಿಂದ ಕಾರಿನ ಧ್ರುವವನ್ನೇ ಬದಲಿಸಬೇಕು. ಕೇಳಲು ಭಯವಾದರೂ ಮೈನರಿನಂಥ ಸರಳ ಕಾರಿನಲ್ಲಿ ಇದು ಸುಲಭ. ಬಲ್ಬು, ಹಾರ್ನು, ಸೆಲ್ಫ್ ಮೋಟರು, ಇವಕ್ಕೆ ದಿಕ್ಕಿನ ಹಂಗಿಲ್ಲ. ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರುಗಳನ್ನು ಅದಲುಬದಲು ಮಾಡಬೇಕು, ಇಲ್ಲದಿದ್ದರೆ ಪ್ಲಗ್ಗಿನ ಕಿಡಿ ಬಲಹೀನವಾಗುತ್ತದೆ. ಬ್ಯಾಟರಿಯ ಎರಡು ಮೊಳೆಗಳಲ್ಲಿ ಪಾಸಿಟಿವ್ ಮೊಳೆ ದಪ್ಪ, ಆದ್ದರಿಂದ ಕ್ಲಾಂಪುಗಳನ್ನೂ ಬದಲಿಸಬೇಕು. ಹಳೆಯ ರೇಡಿಯೋ ಇದ್ದವರು ಮಾತ್ರ ಎಚ್ಚರ, ಅದು ಹಾಳಾಗುತ್ತದೆ. ನಮ್ಮ ಕಾರಿನಲ್ಲಿ ರೇಡಿಯೋ ಇರಲಿಲ್ಲ. ಕೆಲಸ ಮುಗಿದ ಮೇಲೆ ಸಾಬರ ಮಗ ಬಾನೆಟ್ಟಿನ ಒಳಬದಿಗೆ ‘ನೆಗೆಟಿವ್ ಅರ್ಥ್’ ಎಂದು ಬಿಳಿ ಬಣ್ಣದಲ್ಲಿ ಬರೆದರು. ಮುಂದೆ ಯಾರೋ ಹಳೆಯ ಪುಸ್ತಕ ನೋಡಿ ಬ್ಯಾಟರಿ ತಿರುಗಿಸಿ ಇಡಬಾರದಲ್ಲ.

ಕೂರಿಸಿದ್ದು ಲ್ಯೂಕಾಸ್ ಟಿವಿಎಸ್ ಆಲ್ಟರ್ನೇಟರ್, ಹಳೆಯ ಅಂಬಾಸಿಡರಿನದು, ಒಳಗಿನ ಬೇರಿಂಗು ಕಾರ್ಬನ್ ಎಲ್ಲ ಹೊಸದು ಹಾಕಿಸಿ. ಮೈನರಿನಲ್ಲಿ ಇಗ್ನಿಷನ್ ಕಾಯಿಲ್ ಡೈನಮೋದ ಬೆನ್ನ ಮೇಲೇ ಕೂತಿರುತ್ತದೆ. ಡೈನಮೋ ಇಳಿಸಿದರೆ ಕಾಯಿಲಿಗೆ ಜಾಗವಿಲ್ಲ. ಬಾಡಿಗೆ ಹೊಸ ತೂತು ಕೊರೆಯಕೂಡದು ಎಂದು ನಾನು ಮೊದಲೇ ಹೇಳಿದ್ದೆ. ಮೊದಲಿನಿಂದ ಇದ್ದ ಸ್ಕ್ರೂ ತೂತುಗಳಿಗೇ ಸಣ್ಣ ಪಟ್ಟಿ ಮಾಡಿಸಿ ಕಾಯಿಲ್ ಬಿಗಿದೆವು. ಮುಂದಿನ ಕೆಲಸ ಬೆಲ್ಟ್. ಇಂಜಿನ್ನಿನ ಪುಲ್ಲಿ, ವಾಟರ್ ಪಂಪಿನ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ಮೂರೂ ಒಂದೇ ಗೆರೆಯಲ್ಲಿರಬೇಕು. ನೂಲು ಹಿಡಿದು ನೋಡಿದಾಗ ಆಲ್ಟರ್ನೇಟರಿನದು ಸ್ವಲ್ಪ ಹಿಂದಿತ್ತು. ಲೇತಿನಲ್ಲಿ ಒಂದು ಬುಶ್ ಕಡೆಸಿ ಮುಂದೆ ತಂದೆವು. ಈ ಕೆಲಸದಲ್ಲಿ ಅವಸರ ಮಾಡಿದವರ ಕಾರಿನ ಬೆಲ್ಟು ಬೇಗ ಹರಿಯುತ್ತದೆ. ಬೆಲ್ಟ್ ಹರಿದರೆ ಚಾರ್ಜೂ ಇಲ್ಲ, ನೀರಿನ ಪಂಪೂ ಇಲ್ಲ.

ವೈರಿನ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. 19 ಆಂಪಿಯರಿಗೆಂದು ಇಟ್ಟ ಹಳೆಯ ವೈರಿನಲ್ಲಿ ಅದಕ್ಕಿಂತ ದೊಡ್ಡ ಆಲ್ಟರ್ನೇಟರಿನ ಕರೆಂಟನ್ನು ಹರಿಸಿದರೆ ವೈರು ಬಿಸಿಯಾಗುತ್ತದೆ. ಬಟ್ಟೆಯ ಹೊದಿಕೆಯ ವೈರು, ಐವತ್ತು ವರ್ಷಕ್ಕೂ ಹಳೆಯದು, ಬೆಂಕಿಗೆ ಅಷ್ಟೇ ಸಾಕು. ನಾವು ಆಲ್ಟರ್ನೇಟರಿನಿಂದ ಸೆಲ್ಫ್ ಸ್ವಿಚ್ಚಿನ ಬ್ಯಾಟರಿ ತುದಿಗೆ ನೇರವಾಗಿ ಹೊಸ ದಪ್ಪ ವೈರು ಎಳೆದು, ನಡುವೆ ಫ್ಯೂಸ್ ಹಾಕಿದೆವು. ಇಂಜಿನ್‌ನಿಂದ ಬಾಡಿಗೆ ಹೊಸ ಅರ್ಥ್ ಪಟ್ಟಿ. ಹಳೆಯ ಕಾರುಗಳ ಅರ್ಧ ರೋಗ ಈ ಅರ್ಥ್ ಜೋಡಣೆಗಳಲ್ಲಿ ಹಿಡಿದ ತುಕ್ಕಿನದು. ಅದನ್ನು ಉಜ್ಜಿ ಲೋಹ ಕಾಣಿಸದೆ ಬೇರೆ ಏನು ಹೊಸದು ಹಾಕಿದರೂ ದಂಡ. ಕಟೌಟ್ ಪೆಟ್ಟಿಗೆ ಈಗಲೂ ಅದರ ಜಾಗದಲ್ಲೇ ಇದೆ, ಒಳಗಿನ ಸುರುಳಿಗಳಿಗೆ ಸಂಪರ್ಕವಿಲ್ಲ. ಅದರ ಸ್ಕ್ರೂಗಳನ್ನು ವೈರು ಕೂಡಿಸುವ ಕಟ್ಟೆಯಾಗಿ ಮಾತ್ರ ಬಳಸಿಕೊಂಡಿದ್ದೇವೆ. ಲ್ಯೂಕಾಸಿನವರ ಬಣ್ಣದ ಕ್ರಮವನ್ನೇ ಉಳಿಸಿಕೊಂಡೆವು. ಸದಾ ಕರೆಂಟಿರುವುದು ಕಂದು, ಇಗ್ನಿಷನ್ ಬಿಳಿ, ಹೆಡ್‌ಲೈಟ್ ನೀಲಿ, ಅರ್ಥ್ ಕಪ್ಪು. ನಾಳೆ ಬೇರೊಬ್ಬರು ಬಾನೆಟ್ ಎತ್ತಿದರೂ ಪುಸ್ತಕ ನೋಡಿ ಗುರುತು ಹಿಡಿಯಬಹುದು.

ಕೆಂಪು ದೀಪಕ್ಕೆ ಹೊಸ ಜವಾಬ್ದಾರಿ ಬಂತು. ಡೈನಮೋದ ಕಾಲದಲ್ಲಿ ಅದು ಬರೀ ಸುದ್ದಿ ಹೇಳುವ ದೀಪ, ಸುಟ್ಟುಹೋದರೂ ಚಾರ್ಜ್ ನಿಲ್ಲುತ್ತಿರಲಿಲ್ಲ. ಈ ಆಲ್ಟರ್ನೇಟರಿಗೆ ಮೊದಲ ಚೂರು ಕರೆಂಟ್ ಸಿಗುವುದು ಆ ಬಲ್ಬಿನ ಮೂಲಕವೇ. ಆ ಕರೆಂಟಿನಿಂದ ಆಯಸ್ಕಾಂತ ಎಚ್ಚರಗೊಂಡು ಚಾರ್ಜ್ ಶುರುವಾಗುತ್ತದೆ. ಬಲ್ಬ್ ಸುಟ್ಟರೆ ಎಷ್ಟು ಸಲ ಆಕ್ಸಿಲರೇಟರ್ ಒತ್ತಿದರೂ ಚಾರ್ಜ್ ಬರದೆ ಹೋಗಬಹುದು. ಕೀ ತಿರುಗಿಸಿದಾಗ ದೀಪ ಹತ್ತಿತೇ ಎಂದು ನೋಡುವ ಅಪ್ಪಯ್ಯನ ಅಭ್ಯಾಸ ಈಗ ಮೊದಲಿಗಿಂತ ಹೆಚ್ಚು ಅಗತ್ಯ. ಅಲ್ಲಿಗೆ ಎಲ್‌ಇಡಿ ಬಲ್ಬ್ ಹಾಕಬೇಡಿ, ಅದು ಬಿಡುವ ಕರೆಂಟು ಸಾಲದೆ ಹೋಗಬಹುದು. ಹಾಗೆಯೇ ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಕ್ಲಾಂಪ್ ತೆಗೆದು ‘ಚಾರ್ಜ್ ಬರ್ತಿದ್ಯಾ’ ಎಂದು ಪರೀಕ್ಷಿಸುವ ಹಳೆಯ ಮೆಕ್ಯಾನಿಕರ ರೂಢಿಯನ್ನು ಇಲ್ಲಿ ಮಾಡಲೇಬಾರದು. ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡ್ ಹೋಗುತ್ತದೆ.

ಕೊನೆಯದಾಗಿ ಹೆಡ್‌ಲೈಟಿಗೆ ರಿಲೇ ಹಾಕಿದೆವು. ಇದಕ್ಕೆ ಮುಂಚೆ ಮೀಟರ್ ಇಟ್ಟು ನೋಡಿದಾಗ ಬ್ಯಾಟರಿಯ ತುದಿಗೂ ಬಲ್ಬಿನ ತುದಿಗೂ ಒಂದೂವರೆ ವೋಲ್ಟಿನಷ್ಟು ವ್ಯತ್ಯಾಸವಿತ್ತು. ಹಳೆಯ ಸ್ವಿಚ್ಚು, ಕಾಲಿನ ಡಿಪ್ಪರು, ಉದ್ದದ ವೈರು ಎಲ್ಲ ಸೇರಿ ದಾರಿಯಲ್ಲೇ ತಿಂದುಹಾಕುತ್ತಿದ್ದವು. ಬಲ್ಬಿಗೆ ಹತ್ತರಲ್ಲಿ ಒಂದು ಪಾಲು ವೋಲ್ಟೇಜ್ ಕಡಿಮೆಯಾದರೆ ಬೆಳಕು ಹತ್ತರಲ್ಲಿ ಮೂರು ಪಾಲು ಕಡಿಮೆಯಾಗುತ್ತದೆ. ಹೊಸ ಆಲ್ಟರ್ನೇಟರ್ ಎಷ್ಟೇ ಕೊಟ್ಟರೂ ಬಲ್ಬಿಗೆ ಮುಟ್ಟದಿದ್ದರೆ ಪ್ರಯೋಜನವೇನು? ಈಗ ಸ್ವಿಚ್ ರಿಲೇಯನ್ನು ಮಾತ್ರ ನಡೆಸುತ್ತದೆ, ಕರೆಂಟು ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಹೋಗುತ್ತದೆ.

ಸಂಜೆ ಇಂಜಿನ್ ಚಾಲೂ ಮಾಡಿ, ಹೆಡ್‌ಲೈಟು ವೈಪರು ಎರಡೂ ಹಾಕಿ, ಐಡಲ್‌ನಲ್ಲೇ ಬ್ಯಾಟರಿಗೆ ಮೀಟರ್ ಹಿಡಿದರೆ 13.9 ವೋಲ್ಟ್ ತೋರಿಸಿತು. ಬೆಳಿಗ್ಗೆ ಡೈನಮೋ ಇದ್ದಾಗ ಇದೇ ಪರೀಕ್ಷೆಯಲ್ಲಿ 11.8. ಸಾಬರಿಗೆ ಅಂಕಿ ಓದಿ ಹೇಳಿದೆ. ಅವರಿಗೆ ಅಂಕಿ ಬೇಡವಾಗಿತ್ತು. ವೈಪರಿನ ಸದ್ದು ಕೇಳಿ, “ಈಗ ಸರಿಯಾಗಿ ಬೀಸ್ತಾ ಇದೆ” ಎಂದರು.

ಒಪ್ಪದ ಗೆಳೆಯರ ಮಾತು ಇಷ್ಟು: ಕಾರು ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು, ಡೈನಮೋ ಆ ಕಾಲದ ಸಾಕ್ಷಿ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಪ್ರದರ್ಶನಕ್ಕೆ ಇಟ್ಟ ಕಾರು, ಹಗಲು ಹೊತ್ತಿನಲ್ಲಿ ನಾಲ್ಕು ಮೈಲಿ ಹೋಗಿ ಬರುವ ಕಾರು, ಇವಕ್ಕೆ ಡೈನಮೋ ಧಾರಾಳ ಸಾಕು. ಅಂಥವರು ಸಾವಿರಾರು ರೂಪಾಯಿ ಸುರಿದು ಆಲ್ಟರ್ನೇಟರ್ ಹಾಕಿಸುವುದು ಬೇಡ, ಕಮ್ಯುಟೇಟರ್ ಶುಚಿ ಮಾಡಿಸಿ, ಅರ್ಥ್ ಉಜ್ಜಿಸಿ, ಹಿಂದಿನ ದೀಪಗಳಿಗೆ ಎಲ್‌ಇಡಿ ಹಾಕಿಸಿ ಹೊರೆ ಇಳಿಸಿದರೆ ಆಯಿತು. ರೂಪ ಕೆಡಬಾರದು ಎನ್ನುವವರಿಗೆ ಡೈನಮೋದ ಆಕಾರದಲ್ಲೇ ಬರುವ ಆಲ್ಟರ್ನೇಟರ್ ಕೂಡ ಇಂಗ್ಲೆಂಡಿನಲ್ಲಿ ಸಿಗುತ್ತದೆ, ಬೆಲೆ ದುಬಾರಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಲ್ಲಿ 50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶವಿದೆ, ಅದಕ್ಕೆ ‘ವಿಎ’ ಅಕ್ಷರಗಳ ನಂಬರು. ಅಲ್ಲಿ ಕೇಳುವುದು ಚಾಸಿಸ್, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು ಎಂದು. ಆದರೆ ಆ ನಂಬರಿನ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮ ಮೈನರ್ ಹಳೆಯ ನೋಂದಣಿಯಲ್ಲೇ ಇದೆ, ಯಾಕೆಂದರೆ ಅದು ಓಡಬೇಕು.

ಆ ಕಾರಿನ ಪೂರ್ವರೂಪ ಎಂದರೆ ನನಗೆ ಡೈನಮೋ ಅಲ್ಲ. ಕರೆದಾಗ, ಎಂಥ ಮಳೆಯಲ್ಲೂ, ಎಷ್ಟು ಹೊತ್ತಿಗೂ ಹೊರಡುವುದು ಅದರ ಪೂರ್ವರೂಪ. ಅಪ್ಪಯ್ಯ ಆ ಕಾರಿಗೆ ಸ್ಪಾರ್ಕ್ ಪ್ಲಗ್, ಬಲ್ಬು, ಟೈರು, ಯಾವುದು ಒಳ್ಳೆಯದು ಸಿಕ್ಕರೂ ಹಾಕಿದವರು. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಉಳಿಸಲಿಲ್ಲ, ಹೊಸದು ಎಂಬ ಕಾರಣಕ್ಕೆ ಯಾವುದನ್ನೂ ಎಸೆಯಲಿಲ್ಲ. ಆಲ್ಟರ್ನೇಟರ್ ಕೂತ ಮೇಲೆ ಒಂದು ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜಿಗೆ ರಾತ್ರಿ ಎದೆನೋವು ಬಂತು. ಕರೆಂಟಿಲ್ಲ, ಫೋನಿಲ್ಲ, ಆಂಬುಲೆನ್ಸ್ ಕರೆಯಲು ದಾರಿಯಿಲ್ಲ. ಮೈನರಿನಲ್ಲೇ ಮಲಗಿಸಿಕೊಂಡು ಘಾಟಿ ಇಳಿದೆ. ಸೋಮೇಶ್ವರದ ಹತ್ತಿರ ಮರ ಬಿದ್ದು ಬಹಳ ಹೊತ್ತು ನಿಲ್ಲಬೇಕಾಯಿತು. ದೀಪ ಹಾಕಿಕೊಂಡೇ ನಿಂತಿದ್ದೆವು, ಮರ ಕಡಿಯುವವರಿಗೆ ಆ ಬೆಳಕೇ ಆಧಾರ. ಬೆಳಕು ಒಂದಿಷ್ಟೂ ಇಳಿಯಲಿಲ್ಲ. ಅಜ್ಜಿ ಗುಣವಾಗಿ ಮನೆಗೆ ಬಂದರು.

ಡೈನಮೋವನ್ನು ನಾನು ಜೋಪಾನ ಮಾಡಿದ್ದೇನೆ. ಬುಶ್ಶಿಗೆ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಡಬ್ಬಿಯಲ್ಲಿಟ್ಟು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಮಲೆನಾಡಿನ ಮನೆಯಲ್ಲಿ ತೇವ ಮುಟ್ಟದ ಜಾಗ ಅದೊಂದೇ. ಜೊತೆಗೆ ವೈರಿಂಗ್ ಮೊದಲು ಹೇಗಿತ್ತು, ಈಗ ಹೇಗಿದೆ ಎಂಬ ಎರಡು ಚಿತ್ರ ಬರೆದಿಟ್ಟಿದ್ದೇನೆ. ಬೇಕೆಂದವರು ನಾಳೆ ಅದನ್ನು ಮತ್ತೆ ಕೂರಿಸಬಹುದು, ಕಾರಿನಲ್ಲಿ ಅದಕ್ಕೆ ಅಡ್ಡಿಯಾಗುವ ಒಂದು ತೂತೂ ಇಲ್ಲ.

ನಿಮ್ಮ ಮನೆಯ ಶೆಡ್ಡಿನಲ್ಲೂ ಹಳೆಯ ಕಾರೊಂದು ನಿಂತಿದ್ದರೆ ಇಷ್ಟು ಮಾಡಿ. ಏನನ್ನಾದರೂ ಬದಲಿಸುವ ಮೊದಲು ಮೀಟರ್ ಹಿಡಿದು ಕರೆಂಟು ಎಲ್ಲಿ ಸೋರುತ್ತಿದೆ ಎಂದು ನೋಡಿ. ರಾತ್ರಿ ಓಡಿಸುವವರಾದರೆ ಆಲ್ಟರ್ನೇಟರ್ ಹಾಕಿಸಲು ಹಿಂಜರಿಯಬೇಡಿ. ಇಳಿಸಿದ ಡೈನಮೋವನ್ನು ಗುಜರಿಗೆ ಹಾಕಬೇಡಿ. ಮತ್ತು ನಿಮ್ಮ ಊರಿನಲ್ಲಿ ಆರ್ಮೇಚರ್ ಕಟ್ಟಬಲ್ಲ ಹಿರಿಯರು ಯಾರಾದರೂ ಇನ್ನೂ ಇದ್ದರೆ, ಅವರ ಬಳಿ ಒಬ್ಬ ಹುಡುಗನನ್ನಾದರೂ ಕೂರಿಸಿ ಆ ಕೆಲಸ ಕಲಿಸಿ.